ಜೋಡಿಗೆ ಚೀಟಿ ಹರಿದ್ರಲ್ಲ, ತೊಟ್ಟಿಗೆ ನೀರು ಎಲ್ಲಿ?

ನಿನ್ನೆ ರಾತ್ರಿ ದನದ ಜಾತ್ರೆಯಿಂದ ವಾಪಸ್ ಬಂದ್ವಿ. ಮೈಕೈ ನೋವು ಇಳೀತು, ಹೊಟ್ಟೆಯೊಳಗಿನ ಉರಿ ಮಾತ್ರ ಇಳೀತಿಲ್ಲ.

ನಮ್ಮದು ಹಳ್ಳಿಕಾರ್ ಅನ್ನೋ ನಾಟಿ ತಳಿಯ ಜೋಡಿ, ನಾಲ್ಕು ಹಲ್ಲು ಬಂದ ಎಳೇ ಪ್ರಾಯದವು. ಅಪ್ಪ ಎರಡು ವರ್ಷ ಹುರುಳಿ ಬೇಯಿಸಿ ಹಾಕಿ ಸಾಕಿದ ಎತ್ತುಗಳು. ಜಾತ್ರೆ ಸಮಿತಿಯವರು ಬಯಲಿನ ಬಾಯಲ್ಲೇ ಹಗ್ಗ ಅಡ್ಡ ಕಟ್ಟಿ ಜೋಡಿಗೆ 300 ರೂಪಾಯಿ ಚೀಟಿ ಹರಿದ್ರು. ಟೆಂಪೋಗೆ 100. ಚಪ್ಪರ ಹಾಕೋ ಜಾಗಕ್ಕೆ 200. ಮೂರು ಚೀಟಿಯಲ್ಲೂ ‘ಅಭಿವೃದ್ಧಿ ಶುಲ್ಕ’ ಅಂತ ಅಚ್ಚು ಹಾಕಿಸಿದ್ದಾರೆ. ನಾನು ಚಿಕ್ಕವಳಿದ್ದಾಗ ಅಪ್ಪನ ಜೊತೆ ಹೋಗಿದ್ದಾಗ ಆ ಬಯಲು ಹೇಗಿತ್ತೋ ಇವತ್ತೂ ಹಾಗೇ ಇದೆ, ಆಗ ಇದ್ದ ಕೈಪಂಪೂ ಈಗ ಇಲ್ಲ.

ಗಾಡಿಯಿಂದ ದನ ಇಳಿಸೋಕೆ ಒಂದು ಮಣ್ಣಿನ ದಿಬ್ಬ ಬೇಕು. ಜೆಸಿಬಿ ತರಿಸಿದ್ರೆ ಒಂದು ಗಂಟೆ ಕೆಲಸ. ಅದಿಲ್ಲದೆ ಎಲ್ಲರೂ ಎತ್ತುಗಳನ್ನ ಮೇಲಿಂದ ಧುಮುಕಿಸ್ತಾರೆ. ನಮ್ಮ ಎಡಗಡೆ ಎತ್ತು ಕಾಲು ಜಾರಿ ಮಂಡಿ ತರಚಿಕೊಳ್ತು. ಮಾರೋಕೆ ತಂದ ಎತ್ತಿನ ಮಂಡಿಯಲ್ಲಿ ಹಸಿ ಗಾಯ ಕಂಡ್ರೆ ಯಾವ ಗಿರಾಕಿ ಸುಮ್ಮನಿರ್ತಾನೆ? ಗುಟ್ಟಾಗಿ ಬೆಲೆ ಕುದುರಿಸೋಕೆ ಟವೆಲ್ ಕೆಳಗೆ ಬೆರಳು ಹಿಡಿದ ದಲ್ಲಾಳಿ ಮೊದಲು ಎತ್ತಿದ್ದೇ ಆ ಮಂಡಿ ಮಾತು. 15 ಸಾವಿರ ಅಲ್ಲೇ ಮುರೀತು. ಆ ದುಡ್ಡು ನಮಗೆ ಯಾರು ತುಂಬಿ ಕೊಡ್ತಾರೆ?

ನೀರಿನ ವಿಷಯಕ್ಕೆ ಬರ್ತೀನಿ. ಒಂದು ಎತ್ತು ದಿನಕ್ಕೆ ಹತ್ತಿರ ಹತ್ತಿರ 40 ಲೀಟರ್ ಕುಡಿಯುತ್ತೆ, ಬಿಸಿಲಿಗೆ ಕಟ್ಟಿದ್ರೆ ಇನ್ನೂ ಜಾಸ್ತಿ. ಇಡೀ ಬಯಲಿಗೆ ಇರೋದು ಎರಡು ಸಿಮೆಂಟ್ ತೊಟ್ಟಿ. ಒಂದು ಬಿರುಕು ಬಿಟ್ಟು ಒಣಗಿದೆ. ಇನ್ನೊಂದರಲ್ಲಿ ಹಸಿರು ಪಾಚಿ, ಜೊಲ್ಲು, ತೇಲೋ ಹುಲ್ಲು. ಎಲ್ಲಿಂದಲೋ ಬಂದ ನೂರಾರು ದನ ಅದಕ್ಕೇ ಬಾಯಿ ಹಾಕಬೇಕು. ಕಾಲುಬಾಯಿ ಜ್ವರ ಜೊಲ್ಲಿನಿಂದಲೂ ಹರಡುತ್ತೆ ಅಂತ ಹಳ್ಳಿ ಮಕ್ಕಳಿಗೂ ಗೊತ್ತು. 2013ರಲ್ಲಿ ಆ ಜ್ವರ ರಾಜ್ಯದ ತುಂಬಾ ಸಾವಿರಾರು ದನ ತಿಂತು, ನಮ್ಮ ಕೊಟ್ಟಿಗೆಯಲ್ಲೇ ಎರಡು ಹಸು ಹೋದ್ವು. 2022ರಲ್ಲಿ ಚರ್ಮಗಂಟು ರೋಗ ಬಂದು ದನದ ಜಾತ್ರೆಗಳನ್ನೇ ನಿಲ್ಲಿಸಬೇಕಾಯ್ತು. ಇಷ್ಟೆಲ್ಲ ಕಂಡ ಮೇಲೂ ತೊಟ್ಟಿ ತೊಳೆಸೋಕೆ ಒಬ್ಬ ಆಳಿಲ್ಲ ಅಂದ್ರೆ ಏನು ಅರ್ಥ? ನಾವು ನಮ್ಮ ಬಕೆಟ್‌ನಲ್ಲೇ ಕುಡಿಸಿದ್ವಿ. ಡ್ರಮ್ಮಿಗೆ 80 ರೂಪಾಯಿ ಕೊಟ್ಟು ಟ್ಯಾಂಕರ್‌ನವನ ಹತ್ತಿರ ಕೊಂಡ ನೀರು ಅದು. ಪಶು ಡಾಕ್ಟರನ್ನ ನಾನು ಬಯ್ಯಲ್ಲ. ಅವರು ಒಬ್ಬರೇ ಒಂದು ಮೇಜು ಹಾಕ್ಕೊಂಡು ಬೆಳಿಗ್ಗೆಯಿಂದ ಸಂಜೆವರೆಗೂ ಓಡಾಡಿದ್ರು, ನಮ್ಮ ಎತ್ತಿನ ಮಂಡಿಗೂ ಔಷಧಿ ಹಚ್ಚಿದ್ರು.

ಇನ್ನು ಹೆಂಗಸರ ಪಾಡು. ಮೂರು ರಾತ್ರಿ ಎತ್ತಿನ ಪಕ್ಕದಲ್ಲೇ ಮಲಗಬೇಕು. ಶೌಚಾಲಯ ಒಂದು ಕಟ್ಟಿದ್ದಾರೆ, ಅದಕ್ಕೆ ಬೀಗ. ಬೀಗದ ಕೈ ಕೇಳಿದ್ರೆ ‘ಗಣ್ಯರು ಬಂದಾಗ ಬೇಕಾಗುತ್ತಮ್ಮ’ ಅಂದ್ರು. ಸಂಜೆ ನಾಲ್ಕರ ಮೇಲೆ ನಾನು ನೀರು ಕುಡಿಯೋದೇ ಬಿಟ್ಟೆ. ಪಕ್ಕದ ಚಪ್ಪರದ ಅಜ್ಜಿಗೆ ಸಕ್ಕರೆ ಕಾಯಿಲೆ, ರಾತ್ರಿ ಎರಡು ಮೂರು ಸಲ ಏಳಬೇಕು. ಕತ್ತಲಲ್ಲಿ ಗೂಟ, ಕಣ್ಣಿ ಎಡವಿಕೊಂಡು ಅವರನ್ನ ಕೈ ಹಿಡಿದು ಕರೆದುಕೊಂಡು ಹೋದವಳು ನಾನು. ಅಷ್ಟು ದೂರದಲ್ಲಿ ವೇದಿಕೆ ಸುತ್ತ ಬೆಳಗಾಗೋ ತನಕ ಸೀರಿಯಲ್ ಲೈಟು ಉರೀತಿತ್ತು. ಅದರಲ್ಲಿ ನಾಲ್ಕು ಬಲ್ಬು ತೆಗೆದು ದನ ಕಟ್ಟೋ ಕಡೆ ಹಾಕೋಕೆ ಯಾರ ಅಪ್ಪಣೆ ಬೇಕಿತ್ತು?

ದುಡ್ಡಿಲ್ಲ ಅಂತ ಸಮಿತಿಯವರು ಹೇಳೋ ಹಾಗಿಲ್ಲ. ದನಕ್ಕೆ ವಸೂಲಿ, ಅಂಗಡಿ ಸಾಲಿಗೆ ವಸೂಲಿ, ಜೋಕಾಲಿಯವರಿಗೆ, ಕಬ್ಬಿನ ಹಾಲಿನವರಿಗೆ ವಸೂಲಿ. ಆಮೇಲೆ ದಾನಿಗಳ ಹೆಸರಿನ ಫ್ಲೆಕ್ಸು. ಎಷ್ಟು ಬಂತು, ಎಷ್ಟು ಹೋಯ್ತು ಅಂತ ಒಂದು ಹಾಳೆಯನ್ನೂ ಎಲ್ಲೂ ಅಂಟಿಸಿಲ್ಲ. ಅಪ್ಪ ಕೇಳಿದ್ದಕ್ಕೆ ‘ಗೌಡ್ರೇ, ಬಹುಮಾನದ ಪಟ್ಟಿಯಲ್ಲಿ ನಿಮ್ಮ ಜೋಡಿ ಇದೆ, ಯಾಕೆ ತಕರಾರು’ ಅಂದ್ರಂತೆ. ಅಪ್ಪ ಬಾಯಿ ಮುಚ್ಚಿಕೊಂಡು ಬಂದ್ರು. ಅಪ್ಪ ಹಾಗೆ ತಲೆ ತಗ್ಗಿಸಿ ಬಂದು ಎತ್ತಿನ ಬೆನ್ನು ಸವರುತ್ತಾ ಕೂತಿದ್ದು ನನ್ನ ಕಣ್ಣಿಂದ ಹೋಗ್ತಿಲ್ಲ.

2000ನೇ ಇಸವಿಯಲ್ಲಿ ಹಳ್ಳಿಕಾರ್ ಚಿತ್ರ ಹಾಕಿ ಅಂಚೆ ಚೀಟಿ ಬಿಡುಗಡೆ ಮಾಡಿದ ದೇಶ ಇದು. ವೇದಿಕೆ ಮೇಲೆ ನಿಂತವರೆಲ್ಲ ನಾಟಿ ತಳಿ ಉಳಿಸಿ ಅಂತ ಭಾಷಣ ಬಿಗಿದ್ರು. ಉಳಿಸ್ತಾ ಇರೋರು ನಾವು ಸ್ವಾಮಿ. ನಮ್ಮ ಎತ್ತಿಗೆ ಕುಡಿಯೋ ನೀರು ಕೊಡಿ.

ಈ ಸಮಿತಿ ನೋಂದಣಿಯಾದ ಸಂಘ, ಚೀಟಿ ಮೇಲೆ ನಂಬರೂ ಇದೆ. 1960ರ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಪ್ರತಿ ವರ್ಷ ಸಭೆ ಕರೀಬೇಕು, ಲೆಕ್ಕಪತ್ರ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಆ ಲೆಕ್ಕ ಕೇಳಿ ಮಾಹಿತಿ ಹಕ್ಕಿನ ಅರ್ಜಿ ಬರೆದಾಯ್ತು, ಶುಲ್ಕ 10 ರೂಪಾಯಿ ಅಷ್ಟೇ. ನಾಳೆ ನಾನೇ ಹೋಗಿ ಕೊಟ್ಟು ಬರ್ತೀನಿ. ಆ ಬಯಲಲ್ಲಿ ದನ ಕಟ್ಟಿದ್ದವರು ಯಾರಾದ್ರೂ ಇದನ್ನ ಓದ್ತಿದ್ರೆ ಚೀಟಿ ಬಿಸಾಡಬೇಡಿ. ಫೋಟೋ ತೆಗೆದು ನನಗೆ ಕಳಿಸಿ.