ಪೆನ್ಸಿಲ್‌ನಲ್ಲಿ ಬರೆದ ಎರಡನೇ ಟ್ಯಾಗ್

ಕೃಷಿ ವಿಶ್ವವಿದ್ಯಾಲಯಗಳಲ್ಲಿ ಬೋಧಕೇತರ ಸಿಬ್ಬಂದಿಗೆ ಉತ್ತಮ ಸೇವಾ ಪ್ರಶಸ್ತಿ ಅಂತ ಕೊಡ್ತಾರಲ್ಲ, ಅದರ ಬಗ್ಗೆ ಬಹಳ ದಿನದಿಂದ ಬರೀಬೇಕು ಅಂದ್ಕೊಂಡಿದ್ದೆ. ಕೊಡೋದು ತುಂಬಾ ಒಳ್ಳೇದು, ಇನ್ನೂ ಜಾಸ್ತಿ ಜನಕ್ಕೆ ಕೊಡಬೇಕು. ಆದ್ರೆ ಸ್ಟೇಜ್ ಮೇಲೆ ಹೇಳೋ ಮಾತು ಕೇಳಿದ್ರೆ ಬೇಜಾರಾಗುತ್ತೆ. ಪ್ರಾಮಾಣಿಕರು, ಸರಳ ಸ್ವಭಾವದವರು, ಇಷ್ಟು ವರ್ಷ ಸೇವೆ ಮಾಡಿದ್ದಾರೆ, ಅಷ್ಟೇ. ಆ ಮನುಷ್ಯ ಏನು ಕೆಲಸ ಮಾಡಿದ್ರು, ಅದರಲ್ಲಿ ಅವರ ಕೈಚಳಕ ಏನು ಅಂತ ಒಂದು ಸಾಲೂ ಇರಲ್ಲ.

ನಾನು ಪಿಎಚ್‌ಡಿ ಮಾಡುವಾಗ ಕೊಯ್ಲಿನ ದಿನವೇ ಮಳೆ ಬಂತು. ಪ್ರತಿ ತಾಕಿನ ಕಾಳನ್ನೂ ಬೇರೆ ಬೇರೆ ಚೀಲಕ್ಕೆ ತುಂಬಿ ಟ್ಯಾಗ್ ಕಟ್ಟಿಟ್ಟಿದ್ದೆ, ಎಲ್ಲಾ ಪೆನ್ನಲ್ಲಿ ಬರೆದಿದ್ದು, ಬೆಳಿಗ್ಗೆ ಬಂದು ನೋಡಿದ್ರೆ ಶಾಯಿ ಕರಗಿ ಒಂದು ನಂಬರೂ ಓದಕ್ಕೆ ಆಗ್ತಿಲ್ಲ, ಎರಡು ವರ್ಷದ ಪ್ರಯೋಗ, ನಾನು ಅಲ್ಲೇ ಬದು ಮೇಲೆ ಕೂತು ಅತ್ತುಬಿಟ್ಟೆ. ನಮ್ಮ ಫೀಲ್ಡ್ ಅಸಿಸ್ಟೆಂಟ್, ನಾವೆಲ್ಲಾ ಅಣ್ಣಾ ಅಂತಲೇ ಕರೀತಿದ್ವಿ, ಬಂದು "ಚೀಲದ ಒಳಗೆ ಕೈ ಹಾಕಿ ನೋಡಿ ಮೇಡಂ" ಅಂದ್ರು. ಒಳಗೆ ಇನ್ನೊಂದು ಟ್ಯಾಗ್. ಪೆನ್ಸಿಲ್‌ನಲ್ಲಿ ಬರೆದಿದ್ದು, ಒದ್ದೆಯಾದ್ರೂ ಅಕ್ಷರ ಹಾಗೇ ಇತ್ತು. ಎಲ್ಲಾ ಚೀಲದಲ್ಲೂ ಹಾಕಿದ್ರು, ನಾನು ಹೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಆಮೇಲೆ ನನ್ನ ಥೀಸಿಸ್‌ನಲ್ಲಿ ನಾನು ಬರೆದಿದ್ದು "ಕ್ಷೇತ್ರ ಸಿಬ್ಬಂದಿಗೆ ಧನ್ಯವಾದಗಳು" ಅಂತ. ಹೆಸರು ಕೂಡ ಹಾಕಲಿಲ್ಲ. ಅದು ಇವತ್ತಿಗೂ ಚುಚ್ಚುತ್ತೆ.

ಇದನ್ನ ಸಹಾಯ ಅಂತ ಕರೆಯೋದೇ ತಪ್ಪು ಅಂತ ನನಗನ್ಸುತ್ತೆ. ಭತ್ತದ ಕ್ರಾಸಿಂಗ್, ಅಂದ್ರೆ ಹೊಸ ತಳಿಗೋಸ್ಕರ ಎರಡು ತಳಿ ಕೂಡಿಸೋ ಕೆಲಸ, ಹತ್ತಿರದಿಂದ ನೋಡಿದವರಿಗೆ ಗೊತ್ತು. ಒಂದೊಂದು ಹೂವಲ್ಲಿ ಆರು ಕೇಸರ, ಅಂದ್ರೆ ಪರಾಗ ಇರೋ ಗಂಡು ಭಾಗ, ಇರುತ್ತೆ, ಹೂ ಅರಳೋದಕ್ಕೆ ಮುಂಚೆನೇ ತುದಿ ಕತ್ತರಿಸಿ ಆರನ್ನೂ ಚಿಮಟದಲ್ಲಿ ತೆಗೀಬೇಕು, ಒಂದು ಉಳಿದ್ರೂ ಹೂವಿನ ಪರಾಗ ಅದಕ್ಕೇ ತಾಗಿ ಶ್ರಮ ವ್ಯರ್ಥ, ಹೆಣ್ಣು ಭಾಗಕ್ಕೆ ಚಿಮಟ ತಾಗಿದ್ರೆ ಕಾಳೇ ಕಟ್ಟಲ್ಲ, ಆಮೇಲೆ ಬಟರ್ ಪೇಪರ್ ಕವರ್ ಹಾಕಿ, ತಾರೀಕು ಬರೆದು, ಮಾರನೇ ದಿನ ಗಂಡು ತಳಿ ಹೂ ಬಿಡೋ ಹೊತ್ತಿಗೆ ಸರಿಯಾಗಿ ಬಂದು ಪರಾಗ ಉದುರಿಸಬೇಕು. ಒಂದೇ ತೆನೆ ಒಬ್ಬರ ಕೈಯಲ್ಲಿ ಚೆನ್ನಾಗಿ ಕಾಳು ಕಟ್ಟುತ್ತೆ, ಇನ್ನೊಬ್ಬರ ಕೈಯಲ್ಲಿ ಜೊಳ್ಳು. ಆ ಕೈ ಯಾರದ್ದು ಅಂತ ತಳಿ ಬಿಡುಗಡೆ ಆದಾಗ ಯಾರೂ ಕೇಳಲ್ಲ.

ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬ್ರಾಡ್‌ಬಾಕ್ ಅನ್ನೋ ಹೊಲ ಇದೆ, 1843ರಿಂದ ಪ್ರತಿ ವರ್ಷ ಗೋಧಿ ಬಿತ್ತುತ್ತಾ ಬಂದಿದ್ದಾರೆ. ಅದನ್ನ ಶುರು ಮಾಡಿದ ಲಾಸ್ ಮತ್ತು ಗಿಲ್ಬರ್ಟ್ ಹೆಸರು ನಾವು ಓದಿರ್ತೀವಿ. ಅಲ್ಲಿ ಒಂದು ಪಟ್ಟಿಗೆ ಅವತ್ತಿಂದ ಗೊಬ್ಬರವೇ ಹಾಕಿಲ್ಲ. ಅಂದ್ರೆ ತಲೆಮಾರುಗಟ್ಟಲೆ ಪ್ರತಿ ಹಂಗಾಮಲ್ಲೂ ಯಾರೋ ಒಬ್ಬರು ಗೊಬ್ಬರ ಹಾಕುವಾಗ ಸರಿಯಾಗಿ ಅದೇ ಗೆರೆ ಹತ್ತಿರ ಕೈ ತಡೆದಿದ್ದಾರೆ. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಸ್ಯಾನ್‌ಬಾರ್ನ್ ಫೀಲ್ಡ್ ಅನ್ನೋ ಪ್ರಯೋಗದ ಹೊಲ ಶುರುವಾಗಿದ್ದು 1888ರಲ್ಲಿ, ಅಲ್ಲಿನ ಒಂದು ತಾಕಿನ ಮಣ್ಣಿಂದಲೇ 1945ರಲ್ಲಿ ಆರಿಯೋಮೈಸಿನ್ ಅನ್ನೋ ಆ್ಯಂಟಿಬಯೋಟಿಕ್ ಕೊಟ್ಟ ಸೂಕ್ಷ್ಮಜೀವಿ ಸಿಕ್ಕಿದ್ದು, ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಔಷಧಿ ಅದು. ವಿಜ್ಞಾನಿಗಳು ಬರ್ತಾರೆ, ವರ್ಗಾವಣೆ ಆಗಿ ಹೋಗ್ತಾರೆ, ವಿದ್ಯಾರ್ಥಿಗಳಂತೂ ಮೂರ್ನಾಲ್ಕು ವರ್ಷಕ್ಕೆ ಖಾಲಿ. ತಾಕಿನ ಗೆರೆ ಎಲ್ಲಿದೆ, ಯಾವ ಮೂಲೇಲಿ ನೀರು ನಿಲ್ಲುತ್ತೆ ಅನ್ನೋದೆಲ್ಲಾ ನೆನಪಲ್ಲಿ ಇಟ್ಕೊಂಡಿರೋರು ಈ ಫೀಲ್ಡ್ ಸಿಬ್ಬಂದಿನೇ.

ಮತ್ತೆ ಪ್ರಶಸ್ತಿ ಯಾರಿಗೆ ಸಿಗುತ್ತೆ? ಅರ್ಜಿ ತುಂಬೋಕೆ ಬರೋರಿಗೆ, ಅಧಿಕಾರಿಗಳ ಕಣ್ಣೆದುರು ಇರೋರಿಗೆ. ಆಫೀಸಲ್ಲಿ ಕೆಲಸ ಮಾಡೋರನ್ನ ನಾನು ಕಡಿಮೆ ಮಾಡ್ತಿಲ್ಲ, ಬಿಲ್ ಸಮಯಕ್ಕೆ ಪಾಸ್ ಮಾಡಿಸಿ ಬಿತ್ತನೆಗೆ ಮುಂಚೆ ಬೀಜ, ಗೊಬ್ಬರ ಬರೋ ಹಾಗೆ ನೋಡ್ಕೊಳ್ಳೋ ಕ್ಲರ್ಕ್ ಇಲ್ಲದಿದ್ರೆ ಒಂದು ಹಂಗಾಮೇ ಹೋಗುತ್ತೆ. ಆದ್ರೆ ಹಬ್ಬದ ದಿನವೂ ಹಾಲು ಕರೆದು ಮೇವು ತೂಕ ಮಾಡಿ ಬರೆಯೋರು, ರಜಾ ಇದ್ರೂ ಹವಾಮಾನ ರೀಡಿಂಗ್ ತಪ್ಪಿಸದೇ ಇರೋರು, ರಾತ್ರಿ ಕರೆಂಟ್ ಹೋದ್ರೆ ಡೀಪ್ ಫ್ರೀಜರ್ ನೆನಪಾಗಿ ಓಡಿ ಬರೋ ಲ್ಯಾಬ್ ಅಟೆಂಡರ್, ಇವರು ತಮ್ಮ ಬಗ್ಗೆ ತಾವೇ ಒಂದು ಪುಟ ಬರೆದು ಕೊಡಲ್ಲ. ದಿನಗೂಲಿ ಮೇಲಿದ್ರಂತೂ ಎಷ್ಟೋ ಕಡೆ ಅರ್ಹರೇ ಅಲ್ಲ ಅಂತ ನಿಯಮ. ಇದು ನನಗೆ ತುಂಬಾ ಅನ್ಯಾಯ ಅನ್ಸುತ್ತೆ, ಕೆಲಸ ಅದೇ ಅಲ್ವಾ?

ಹಾಗಾಗಿ ಅವರ ಹತ್ತಿರ ಅರ್ಜಿ ಕೇಳಬೇಡಿ, ಅವರ ಜೊತೆ ಕೆಲಸ ಮಾಡಿದ ವಿದ್ಯಾರ್ಥಿಗಳನ್ನ, ಪಕ್ಕದ ತಾಕಿನ ಕೆಲಸಗಾರರನ್ನ ಕೇಳಿ. ಬರೀ ಶಾಲು, ಹಾರ ಬೇಡ, ದುಡ್ಡೂ ಇರಲಿ. ನಿವೃತ್ತಿ ದಿನದವರೆಗೆ ಕಾಯಬೇಡಿ. ಪೇಪರ್ ಪ್ರಕಟ ಆದಾಗ ಹೆಸರು ಹಾಕಿ, ಒಂದು ಪ್ರತಿ ಅವರ ಕೈಗೆ ಕೊಡಿ, ಏನು ಸಿಕ್ತು ಅಂತ ಅವರಿಗೆ ಅರ್ಥ ಆಗೋ ಹಾಗೆ ಕೂತು ಹೇಳಿ.

ಅಣ್ಣ ನಿವೃತ್ತರಾಗಿ ಬಹಳ ಕಾಲ ಆಯ್ತು, ಅವರಿಗೆ ಯಾವ ಪ್ರಶಸ್ತಿಯೂ ಬರಲಿಲ್ಲ. ಈ ಸಲ ನಮ್ಮ ವಿಭಾಗದ ಲ್ಯಾಬ್ ಅಟೆಂಡರ್ ಒಬ್ಬರ ಹೆಸರು ನಾನು ಕಳಿಸ್ತಿದ್ದೀನಿ. ಫಾರ್ಮ್‌ನಲ್ಲಿ ಸೇವೆಯ ವಿವರ ಅಂತ ಎರಡೇ ಸಾಲಿನ ಜಾಗ ಇತ್ತು, ನಾನು ಬೇರೆ ಹಾಳೆ ಅಂಟಿಸಿ ನಾಲ್ಕು ಪುಟ ಬರೆದಿದ್ದೀನಿ.