ನಮ್ಮವರು ತಿನ್ನದ ಈರುಳ್ಳಿಗೂ ಬೀಗ ಏಕೆ?

ಊರಿನ ಬೆಳೆಯನ್ನು ಹೊರದೇಶಕ್ಕೆ ಕಳುಹಿಸಿ, ಡಾಲರ್ ಗಳಿಸಿ, ನಾಲ್ಕು ಜನರಿಗೆ ಕೆಲಸ ಕೊಡಿ ಎಂದು ಈಗ ಎಲ್ಲ ಸಭೆಗಳಲ್ಲೂ ಹೇಳುತ್ತಾರೆ. ಅದನ್ನು ನಂಬಿದ ಕಾಲೇಜು ಹುಡುಗರು ನನ್ನ ಬಳಿಗೂ ಬಂದು ರಫ್ತು ವ್ಯವಹಾರಕ್ಕೆ ಏನೇನು ಬೇಕು ಎಂದು ಕೇಳುತ್ತಾರೆ. ಆಮದು-ರಫ್ತು ಮಾಡುವವರಿಗೆ ಬೇಕಾದ ಐಇಸಿ ನಂಬರ್, ಕೃಷಿ ರಫ್ತು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಅಪೆಡಾದಲ್ಲಿ ನೋಂದಣಿ, ವಿದೇಶಿ ಹಣದ ವ್ಯವಹಾರಕ್ಕೆ ಬ್ಯಾಂಕಿನ ಎಡಿ ಕೋಡ್, ಸಸ್ಯ ಆರೋಗ್ಯ ಪ್ರಮಾಣಪತ್ರ, ಮಲೇಷ್ಯಾ, ಇಂಡೊನೇಷ್ಯಾದಂಥ ಆಸಿಯಾನ್ ಒಕ್ಕೂಟದ ದೇಶಗಳಿಗಾದರೆ ಸರಕು ಭಾರತದ್ದೇ ಎನ್ನುವ ಮೂಲದ ಪ್ರಮಾಣಪತ್ರ. ಇವೆಲ್ಲವನ್ನೂ ಒಂದು ಮಧ್ಯಾಹ್ನ ಕುಳಿತು ಹೇಳಿಕೊಡಬಲ್ಲೆ. ಬಹುಪಾಲು ಈಗ ಆನ್‌ಲೈನ್‌ನಲ್ಲೇ ಮುಗಿಯುತ್ತದೆ, ಹೆದರುವಂಥದ್ದೇನೂ ಇಲ್ಲ. ಆದರೆ ಇಂದು ಕೊಟ್ಟ ಮಾತನ್ನು ಮುಂದಿನ ತಿಂಗಳು ಉಳಿಸಿಕೊಳ್ಳಲು ನಮ್ಮದೇ ಸರ್ಕಾರ ಬಿಡುತ್ತದೆಯೇ ಎಂದು ಆ ಹುಡುಗರು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಚಿಕ್ಕಬಳ್ಳಾಪುರದ ರೋಸ್ ಈರುಳ್ಳಿಯ ರಫ್ತನ್ನೇ ನಂಬಿ ಬದುಕುವ ನನಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇಲ್ಲ.

ಈ ಈರುಳ್ಳಿಯನ್ನು ಕಾಣದವರಿಗಾಗಿ ಸ್ವಲ್ಪ ಹೇಳುತ್ತೇನೆ. ಗಾತ್ರ ಚಿಕ್ಕದು, ಬುಡ ಚಪ್ಪಟೆ, ಬಣ್ಣ ಕಡುಗೆಂಪು, ಘಾಟು ವಿಪರೀತ. ಸುಲಿಯಲು ತಾಳ್ಮೆ ಬೇಕು, ಹೆಚ್ಚಲು ಕುಳಿತರೆ ಕಣ್ಣು ಬಿಡಲಾಗದು. ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ, ಕೋಲಾರ ಜಿಲ್ಲೆಗಳ ಮಣ್ಣಿಗೆ ಒಗ್ಗಿದ ಬೆಳೆ ಇದು. 2015ರಲ್ಲಿ ‘ಬೆಂಗಳೂರು ರೋಸ್ ಈರುಳ್ಳಿ’ ಎಂಬ ಹೆಸರಿಗೆ ಭೌಗೋಳಿಕ ಸೂಚಕದ (ಜಿಐ), ಅಂದರೆ ಇದು ಈ ಸೀಮೆಯದ್ದೇ ವಿಶೇಷ ಬೆಳೆ ಎನ್ನುವ ಮಾನ್ಯತೆಯೂ ದೊರೆಯಿತು. ಹೆಸರಿನಲ್ಲಿ ಬೆಂಗಳೂರು ಇದ್ದರೂ ಅಲ್ಲಿನ ತರಕಾರಿ ಅಂಗಡಿಗಳಲ್ಲಿ ಇದು ಸಿಗುವುದು ಅಪರೂಪ. ನಮ್ಮ ಅಡುಗೆಮನೆಗಳಿಗೆ ನಾಸಿಕ್, ಚಿತ್ರದುರ್ಗ, ಗದಗ ಕಡೆಯ ದಪ್ಪ ಈರುಳ್ಳಿಯೇ ಬೇಕು. ರೋಸ್ ಈರುಳ್ಳಿ ಮೂಟೆ ಕಟ್ಟಿಸಿಕೊಂಡು ಹೋಗುವುದು ಮಲೇಷ್ಯಾ, ಸಿಂಗಪುರ, ಇಂಡೊನೇಷ್ಯಾ, ಶ್ರೀಲಂಕಾ, ಬಾಂಗ್ಲಾದೇಶಗಳಿಗೆ. ಅಲ್ಲಿನವರು ಬಯಸುವುದು ನಾವು ಬೇಡವೆನ್ನುವ ಆ ಘಾಟನ್ನೇ.

ಇದನ್ನು ಬೆಳೆಯುವುದು ಎಂಥ ಜಾಗದಲ್ಲಿ ಎಂಬುದನ್ನೂ ಗಮನಿಸಬೇಕು. ನಂದಿ ಬೆಟ್ಟದ ಸಾಲಿನಲ್ಲಿ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ, ಪಾಪಾಗ್ನಿ ಹುಟ್ಟುತ್ತವೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರು ನಾವು. ವರ್ಷವಿಡೀ ಹರಿಯುವ ಒಂದು ನದಿಯೂ ನಮಗಿಲ್ಲ. ಸಾವಿರ ಅಡಿ ದಾಟಿದ ಕೊಳವೆಬಾವಿ, ರಾತ್ರಿ ಬರುವ ತ್ರೀಫೇಸ್ ಕರೆಂಟ್, ಅದಕ್ಕಾಗಿ ನಿದ್ದೆಗೆಟ್ಟು ಕಾಯುವ ರೈತ. ಬೀಜವನ್ನೂ ಬಹುತೇಕ ರೈತರೇ ಮಾಡಿಕೊಳ್ಳುತ್ತಾರೆ. ಕಿತ್ತ ಮೇಲೆ ಒಣಗಿಸಬೇಕು, ಬಾಲ ಕತ್ತರಿಸಬೇಕು, ಸಿಪ್ಪೆ ಬಿಟ್ಟಿದ್ದು, ಜೋಡಿಗೆಡ್ಡೆ, ಮೆತ್ತಗಾದದ್ದು ಎಲ್ಲವನ್ನೂ ಆರಿಸಿ ತೆಗೆಯಬೇಕು. ಈ ಆರಿಸುವ ಕೆಲಸ ಪೂರ್ತಿ ಹೆಣ್ಣುಮಕ್ಕಳದು. ನಮ್ಮ ಗೋದಾಮಿನಲ್ಲಿ ಬೆಳಿಗ್ಗೆ ಕುಳಿತರೆ ಸಂಜೆವರೆಗೆ ಅವರ ಬೆರಳು ನಿಲ್ಲುವುದಿಲ್ಲ. ಕೊಳೆತ ಒಂದು ಗೆಡ್ಡೆ ಒಳಗೆ ಉಳಿದರೂ ಸಮುದ್ರ ದಾಟುವಷ್ಟರಲ್ಲಿ ಚೀಲಕ್ಕೆ ಚೀಲವೇ ಹಾಳಾಗುತ್ತದೆ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಬಲೆ ಚೀಲ ತುಂಬಿ ಲಾರಿ ಹೊರಟರೆ ಚೆನ್ನೈ ಬಂದರಿಗೆ ಮುನ್ನೂರು ಕಿಲೋಮೀಟರ್ ಆಸುಪಾಸು.

ಇಷ್ಟೆಲ್ಲ ಮಾಡಿ ಕಟ್ಟಿದ ವ್ಯವಹಾರಕ್ಕೆ ಏನಾಗುತ್ತಾ ಬಂದಿದೆ ನೋಡಿ. 2018ರ ಡಿಸೆಂಬರ್‌ನಲ್ಲಿ ಈರುಳ್ಳಿ ಬೆಲೆ ಕುಸಿದಿತ್ತು. ಕೇಂದ್ರ ಸರ್ಕಾರ ರಫ್ತು ಪ್ರೋತ್ಸಾಹಧನವನ್ನು ಶೇ 5ರಿಂದ ಶೇ 10ಕ್ಕೆ ಏರಿಸಿತು. ಹೆಚ್ಚು ಕಳುಹಿಸಿ ಎಂದರು, ಕಳುಹಿಸಿದೆವು. 2019ರ ಜೂನ್‌ನಲ್ಲಿ ಆ ಪ್ರೋತ್ಸಾಹಧನ ನಿಂತಿತು. ಸೆಪ್ಟೆಂಬರ್ 13ಕ್ಕೆ ಟನ್ನಿಗೆ 850 ಡಾಲರ್ ಕನಿಷ್ಠ ರಫ್ತು ಬೆಲೆ ಬಂತು, ಅಂದರೆ ಅದಕ್ಕಿಂತ ಕಡಿಮೆ ಬೆಲೆಗೆ ಕಳುಹಿಸುವಂತಿಲ್ಲ. ಅದೇ ತಿಂಗಳ 29ಕ್ಕೆ ರಫ್ತೇ ನಿಷೇಧವಾಯಿತು. ಒಂದು ವರ್ಷ ತುಂಬುವುದರೊಳಗೆ ಬೆನ್ನು ತಟ್ಟಿದ ಕೈಯೇ ಬಾಗಿಲು ಹಾಕಿತು. ದೇಶದ ಯಾವ ಮನೆಯಲ್ಲೂ ಕೊರತೆಯಾಗದ ರೋಸ್ ಈರುಳ್ಳಿಗೂ ಅದೇ ಆದೇಶ. ನಮ್ಮ ರೈತರು ಬೀದಿಗಿಳಿದು, ಮನವಿ ಕೊಟ್ಟು, ಜನಪ್ರತಿನಿಧಿಗಳು ದೆಹಲಿಗೆ ಅಲೆದ ಮೇಲೆ ಅಕ್ಟೋಬರ್ ಕೊನೆಯಲ್ಲಿ ವಿನಾಯಿತಿ ಬಂತು. ಅದೂ 9,000 ಟನ್‌ಗೆ ಮಾತ್ರ, ನವೆಂಬರ್ 30ರವರೆಗೆ ಮಾತ್ರ, ಚೆನ್ನೈ ಬಂದರಿನಿಂದ ಮಾತ್ರ.

ಮರುವರ್ಷ ಇದೇ ಕಥೆ. 2020ರ ಸೆಪ್ಟೆಂಬರ್ 14ರಂದು ನಿಷೇಧ, ಅಕ್ಟೋಬರ್ 9ರಂದು 10,000 ಟನ್‌ಗೆ ವಿನಾಯಿತಿ. 2023ರ ಆಗಸ್ಟ್ 19ರಂದು ಎಲ್ಲ ಈರುಳ್ಳಿಗೂ ಶೇ 40ರ ರಫ್ತು ಸುಂಕ ಹಾಕಿದರು. ನಮ್ಮದಕ್ಕೆ ಸುಂಕ ಬೇಡ ಎಂಬ ಆದೇಶ ಬಂದದ್ದು ಸೆಪ್ಟೆಂಬರ್ 29ರಂದು. ಆ ವಿನಾಯಿತಿಯ ಮಸಿ ಒಣಗುವ ಮೊದಲೇ ಡಿಸೆಂಬರ್ 8ರಿಂದ ಮತ್ತೆ ಸಂಪೂರ್ಣ ನಿಷೇಧ. ಅದು ತೆರವಾದದ್ದು 2024ರ ಮೇ 4ರಂದು, ಟನ್ನಿಗೆ 550 ಡಾಲರ್ ಕನಿಷ್ಠ ಬೆಲೆ ಮತ್ತು ಶೇ 40ರ ಸುಂಕದೊಂದಿಗೆ. ರೋಸ್ ಈರುಳ್ಳಿಯನ್ನು ಆ ಸುಂಕದಿಂದ ಬಿಟ್ಟದ್ದು ಮೇ ಕೊನೆಯಲ್ಲಿ. 2025ರ ಏಪ್ರಿಲ್ 1ರಿಂದ ಎಲ್ಲ ಈರುಳ್ಳಿಯ ಮೇಲಿನ ಸುಂಕವೂ ಹೋಯಿತು.

ಈ ದಿನಾಂಕಗಳನ್ನು ಮತ್ತೊಮ್ಮೆ ಓದಿ. ರೋಸ್ ಈರುಳ್ಳಿಯ ವಿಷಯ ಬೇರೆ ಎಂದು ಸರ್ಕಾರ 2019ರಲ್ಲೇ ಬರಹದಲ್ಲಿ ಒಪ್ಪಿಕೊಂಡಿದೆ. ಆಮೇಲೂ ಒಪ್ಪಿಕೊಂಡಿದೆ. ಪ್ರತಿ ಸಲ ಒಪ್ಪಿಕೊಳ್ಳುವುದು ಮಾತ್ರ ವಾರಗಟ್ಟಲೆ ತಡವಾಗಿ. ನಿಷೇಧಕ್ಕೆ ಒಂದು ಸಂಜೆ ಸಾಕು, ವಿನಾಯಿತಿಗೆ ಮೂರು, ನಾಲ್ಕು, ಆರು ವಾರ ಬೇಕು. ನಮ್ಮ ಸರಕು ಕಬ್ಬಿಣವಾಗಿದ್ದರೆ ಕಾಯುತ್ತಿತ್ತು. ಈರುಳ್ಳಿ ಕಾಯುವುದಿಲ್ಲ. ಮೊದಲು ಮೊಳಕೆ ಬರುತ್ತದೆ, ಆಮೇಲೆ ನೀರು ಬಿಡುತ್ತದೆ. ಬಂದರಿನಲ್ಲಿ ತಂಪು ಕಾಯುವ ರೀಫರ್ ಕಂಟೇನರ್ ನಿಂತರೆ ಕರೆಂಟಿಗೆ ಪ್ಲಗ್ ಶುಲ್ಕ, ತಡವಾದದ್ದಕ್ಕೆ ಡೆಮರೇಜ್, ಡಿಟೆನ್ಶನ್ ಎಂಬ ದಂಡ ಎಂದು ದಿನಕ್ಕೊಂದು ಬಿಲ್ಲು ಬೆಳೆಯುತ್ತದೆ. ಸರಕು ಕಳುಹಿಸುವ ಮುನ್ನ ಬ್ಯಾಂಕಿನಿಂದ ತಂದ ಸಾಲದ (ಪ್ಯಾಕಿಂಗ್ ಕ್ರೆಡಿಟ್) ಮೇಲಿನ ಬಡ್ಡಿಯೂ ಓಡುತ್ತಲೇ ಇರುತ್ತದೆ. ಹಿಂದಕ್ಕೆ ತಂದು ಇಲ್ಲೇ ಮಾರೋಣವೆಂದರೆ ಕೊಳ್ಳುವವರಿಲ್ಲ, ಏಕೆಂದರೆ ಇಲ್ಲಿ ಯಾರೂ ಇದನ್ನು ತಿನ್ನುವುದಿಲ್ಲ. ಯಶವಂತಪುರದ ಮಂಡಿಯಲ್ಲಿ ಕೇಳಿದರೆ ಸಾಗಣೆ ಬಾಡಿಗೆಯೂ ಹುಟ್ಟದ ಬೆಲೆ ಹೇಳುತ್ತಾರೆ.

ಹಣ ಹೋದರೆ ಮುಂದಿನ ಹಂಗಾಮಿನಲ್ಲಿ ಸಂಪಾದಿಸಬಹುದು. ಗಿರಾಕಿ ಹೋದರೆ? ಮಲೇಷ್ಯಾದಲ್ಲಿ ನಮ್ಮಿಂದ ಕೊಳ್ಳುವವರೊಬ್ಬರು ತಮಿಳು ಮಾತನಾಡುವ ಹಿರಿಯರು, ತಂದೆಯ ಕಾಲದಿಂದಲೂ ಇದೇ ವ್ಯಾಪಾರ ಮಾಡಿಕೊಂಡು ಬಂದವರು. 2023ರ ಡಿಸೆಂಬರ್‌ನಲ್ಲಿ ಫೋನ್ ಮಾಡಿದಾಗ ಅವರು ಬೈಯಲಿಲ್ಲ. “ನಿನ್ನ ಮೇಲೆ ನನಗೆ ಕೋಪವಿಲ್ಲ ತಮ್ಮಾ, ಆದರೆ ನನ್ನ ಅಂಗಡಿಯ ಮುಂದೆ ನಿಂತವರಿಗೆ ನಿಮ್ಮ ದೇಶದ ಆದೇಶ ತೋರಿಸಲಾಗುವುದಿಲ್ಲ” ಎಂದರು. ಅವರು ಬೇರೆ ದೇಶದ ಈರುಳ್ಳಿ ತರಿಸಿದರು. ಪಾಕಿಸ್ತಾನ, ಚೀನಾದ ವ್ಯಾಪಾರಿಗಳು ನಮ್ಮ ಬಾಗಿಲು ಮುಚ್ಚುವುದನ್ನೇ ಕಾಯುತ್ತಿರುತ್ತಾರೆ. ನಮ್ಮ ಘಾಟು ಅವರ ಸರಕಿನಲ್ಲಿಲ್ಲ, ನಿಜ. ಆದರೆ ಆರು ತಿಂಗಳು ಬೇರೆ ರುಚಿಗೆ ಒಗ್ಗಿದ ಗಿರಾಕಿಗಳೆಲ್ಲರೂ ಹಿಂದಿರುಗುವುದಿಲ್ಲ. ಹಿಂದಿರುಗಿದವರೂ ಮುಂಗಡ ಕೊಡುವುದಿಲ್ಲ, ಸರಕು ಬಂದ ಮೇಲೆ ನೋಡೋಣ ಎನ್ನುತ್ತಾರೆ.

ಇತ್ತ ರೈತನ ಲೆಕ್ಕಾಚಾರವೂ ಬದಲಾಗುತ್ತದೆ. ಬಿತ್ತನೆಗೆ ಮುಂಚೆ ಮಂಚೇನಹಳ್ಳಿ ಕಡೆಯ ರೈತರೊಬ್ಬರು ಕೇಳಿದ ಮಾತು ಇದು: “ಬೆಲೆ ಎಷ್ಟು ಕೊಡುತ್ತೀಯ ಎಂದು ನಾನು ಕೇಳುವುದಿಲ್ಲಣ್ಣ. ಹಡಗು ಹೊರಡುತ್ತದೆಯೇ ಇಲ್ಲವೇ ಹೇಳು.” ನಾನು ಉತ್ತರಿಸಲಾಗಲಿಲ್ಲ. ಅವರು ಆ ವರ್ಷ ಟೊಮೆಟೊ ಹಾಕಿದರು. ಟೊಮೆಟೊ ಬೆಲೆ ಏರಿಳಿತದ ಬಗ್ಗೆ ಕೋಲಾರ ಸೀಮೆಯವರಿಗೆ ನಾನು ಹೇಳಬೇಕಾಗಿಲ್ಲ, ಆದರೂ ಅದಕ್ಕೆ ಕೊನೆಯ ಪಕ್ಷ ಒಂದು ಮಾರುಕಟ್ಟೆ ತೆರೆದಿರುತ್ತದೆ. ಹೀಗೆ ಒಬ್ಬೊಬ್ಬರೇ ಕೈಬಿಟ್ಟರೆ ಮನೆಯಲ್ಲಿ ಕಾಪಾಡಿಕೊಂಡು ಬಂದ ಬೀಜವೂ ಹೋಗುತ್ತದೆ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಬೀಜ ಇದಲ್ಲ.

ಇದೇ ಸೀಮೆಯಲ್ಲಿ, ಇದೇ ನೀರಿನಲ್ಲಿ ಬೆಳೆಯುವ ಇನ್ನೊಂದು ಬೆಳೆಯನ್ನು ನೋಡಿ. ಮಿಡಿಸೌತೆ, ಎಲ್ಲರೂ ಘರ್ಕಿನ್ ಎನ್ನುವುದು. ತೊಂಬತ್ತು ದಿನದ ಬೆಳೆ. 1990ರ ದಶಕದ ಆರಂಭದಲ್ಲಿ ಕರ್ನಾಟಕಕ್ಕೆ ಬಂತು. ತುಮಕೂರಿನ ಕಡೆಯೂ, ನಮ್ಮ ಕಡೆಯೂ ಕಂಪನಿಗಳು ಬೀಜ, ಗೊಬ್ಬರ ಕೊಟ್ಟು, ಬಿತ್ತುವ ಮೊದಲೇ ದರ ಹೇಳಿ ಬೆಳೆಸುತ್ತವೆ. ವಿನೆಗರ್‌ನಲ್ಲೋ ಉಪ್ಪುನೀರಿನಲ್ಲೋ ಹಾಕಿ ಡ್ರಮ್ಮುಗಳಲ್ಲಿ ಅಮೆರಿಕ, ಯುರೋಪ್, ರಷ್ಯಾಕ್ಕೆ ಕಳುಹಿಸುತ್ತವೆ. ಅದನ್ನೂ ನಮ್ಮವರು ತಿನ್ನುವುದಿಲ್ಲ. 2020–21ರಲ್ಲಿ ಭಾರತ 2,23,515 ಟನ್ ಸೌತೆ ಮತ್ತು ಘರ್ಕಿನ್ ರಫ್ತು ಮಾಡಿತು, ಮೌಲ್ಯ 22.3 ಕೋಟಿ ಡಾಲರ್. ಜಗತ್ತಿನಲ್ಲೇ ಅತಿ ಹೆಚ್ಚು ರಫ್ತು ಮಾಡುವ ದೇಶ ನಮ್ಮದಾಯಿತು. ಆ ರೈತರು ನಮ್ಮ ರೈತರಿಗಿಂತ ಜಾಣರೇ? ಆ ವ್ಯಾಪಾರಿಗಳು ನಮಗಿಂತ ಪ್ರಾಮಾಣಿಕರೇ? ಮಿಡಿಸೌತೆಯ ಹೆಸರಿನಲ್ಲಿ ಚುನಾವಣೆ ಸೋತವರು ಯಾರೂ ಇಲ್ಲ. ಹಾಗಾಗಿ ಅದರ ಬಾಗಿಲಿಗೆ ರಾತ್ರೋರಾತ್ರಿ ಬೀಗ ಬೀಳಲಿಲ್ಲ. ಅದು ನೆಮ್ಮದಿಯಾಗಿ ಬೆಳೆಯಿತು.

ಈರುಳ್ಳಿಯ ಹೆಸರಿನಲ್ಲಿ ಸೋತವರಿದ್ದಾರೆ. 1998ರ ದೆಹಲಿ ವಿಧಾನಸಭಾ ಚುನಾವಣೆಯನ್ನು ಯಾವ ಪಕ್ಷವೂ ಮರೆತಿಲ್ಲ. ನಾನು ಆ ಭಯವನ್ನು ಹಗುರವಾಗಿ ಕಾಣುವುದಿಲ್ಲ. ದಿನಗೂಲಿಯ ಮನೆಯಲ್ಲಿ ಈರುಳ್ಳಿ ಕೆಜಿಗೆ ನೂರು ರೂಪಾಯಿ ಮುಟ್ಟಿದರೆ ಆ ಸಂಕಟ ನಿಜವಾದದ್ದು, ಸರ್ಕಾರ ಸುಮ್ಮನೆ ಕೂರಬಾರದು. ಆದರೆ ರೋಸ್ ಈರುಳ್ಳಿಯನ್ನು ಚೆನ್ನೈನಲ್ಲಿ ತಡೆದು ನಿಲ್ಲಿಸಿದರೆ ದೆಹಲಿಯ ಒಂದು ಮನೆಗಾದರೂ ಒಂದು ಗೆಡ್ಡೆ ಹೆಚ್ಚು ಸಿಗುತ್ತದೆಯೇ? ಮನೆಗೆ ಬೆಂಕಿ ಬಿದ್ದಾಗ ಮೂರು ಊರಾಚೆಯ ಬಾವಿಗೆ ಬೀಗ ಹಾಕಿದಂತಾಗುತ್ತದೆ.

ವಿನಾಯಿತಿ ಕೊಟ್ಟರೆ ಮಾಮೂಲಿ ಕೆಂಪು ಈರುಳ್ಳಿಯನ್ನೂ ರೋಸ್ ಎಂದು ಹೇಳಿ ಸಾಗಿಸುತ್ತಾರೆ ಎಂದು ಅಧಿಕಾರಿಗಳು ಹೇಳುತ್ತಾರೆ. ಈ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಅಂಥವರು ಇದ್ದಾರೆ. ಅದಕ್ಕೇ ವಿನಾಯಿತಿಯ ಆದೇಶಗಳಲ್ಲಿ ರಾಜ್ಯದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ ಬೇಕೆಂಬ ಷರತ್ತು ಇದ್ದದ್ದು. ಷರತ್ತು ಇರಲಿ. ಚಪ್ಪಟೆ ಬುಡ, ಗಾತ್ರ, ಬಣ್ಣ ನೋಡಿ ಇದನ್ನು ಗುರುತಿಸಲು ಪರಿಣತರೇ ಬೇಕಾಗಿಲ್ಲ, ಆರಿಸಲು ಕೂರುವ ಹೆಣ್ಣುಮಗಳು ಕಣ್ಣುಮುಚ್ಚಿ ಮುಟ್ಟಿ ಹೇಳುತ್ತಾಳೆ. ನನ್ನ ತಕರಾರು ಇರುವುದು ಆ ಕಾಗದ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿರುವ ಆಯುಕ್ತರ ಕಚೇರಿಯಿಂದ ಬರಬೇಕು ಎಂಬುದಕ್ಕೆ. ಜಿಲ್ಲಾ ಕೇಂದ್ರದಲ್ಲಿ ತೋಟಗಾರಿಕೆ ಉಪನಿರ್ದೇಶಕರ ಕಚೇರಿ ಇದೆ. ಗೋದಾಮಿಗೆ ಬಂದು, ಚೀಲ ಬಿಚ್ಚಿಸಿ, ನೋಡಿ, ಅಲ್ಲೇ ಸಹಿ ಹಾಕಲಿ. ಮೋಸ ಮಾಡಿದವರ ಐಇಸಿಯನ್ನೇ ರದ್ದು ಮಾಡಲಿ, ನಾನೇ ಮೊದಲು ಚಪ್ಪಾಳೆ ತಟ್ಟುತ್ತೇನೆ.

ಬಾಗಿಲು ಮುಚ್ಚುವ ಚಾಳಿ ದೆಹಲಿಗಷ್ಟೇ ಅಂಟಿದ್ದಲ್ಲ. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಹೊರ ರಾಜ್ಯದ ತೋತಾಪುರಿ ಮಾವನ್ನು ತಡೆಯಿತು. ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಣ್ಣು ಅಲ್ಲಿನ ತಿರುಳು ಕಾರ್ಖಾನೆಗಳನ್ನೇ ನೆಚ್ಚಿಕೊಂಡಿತ್ತು. ಬೆಲೆ ನೆಲಕಚ್ಚಿತು. ಕೊನೆಗೆ ಕ್ವಿಂಟಲ್‌ಗೆ 1,616 ರೂಪಾಯಿ ಲೆಕ್ಕದಲ್ಲಿ ವ್ಯತ್ಯಾಸದ ಹಣ ಕೊಡುವ ಯೋಜನೆಗೆ ಕೇಂದ್ರ ಒಪ್ಪಬೇಕಾಯಿತು. ತಡೆದದ್ದು ಒಂದು ಸರ್ಕಾರ, ಪರಿಹಾರ ಹುಡುಕಿದ್ದು ಇನ್ನೊಂದು, ನಡುವೆ ಮರದಡಿ ಕೊಳೆತದ್ದು ರೈತನ ಹಣ್ಣು.

ನಾವು ಕೇಳುತ್ತಿರುವುದು ಸಹಾಯಧನವಲ್ಲ, ಸಾಲಮನ್ನಾವೂ ಅಲ್ಲ. ಈರುಳ್ಳಿ ರಫ್ತಿಗೆ ನಿಷೇಧವನ್ನೋ ಸುಂಕವನ್ನೋ ಹೇರುವ ಆದೇಶ ಹೊರಡುವ ದಿನವೇ, ಅದೇ ಹಾಳೆಯಲ್ಲಿ, ‘ಬೆಂಗಳೂರು ರೋಸ್ ಈರುಳ್ಳಿಯನ್ನು ಹೊರತುಪಡಿಸಿ’ ಎಂದು ಬರೆಯಿರಿ. ಟನ್ನುಗಳ ಮಿತಿ ಬೇಡ. ಆದೇಶಕ್ಕೆ ಮುನ್ನ ಆಗಿರುವ ಒಪ್ಪಂದಗಳ ಸರಕನ್ನು ಹೋಗಲು ಬಿಡಿ. ಇಷ್ಟು ಆದರೆ ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ.

ರೈತ ಗೆಳೆಯರಲ್ಲೂ ಒಂದು ಬೇಡಿಕೆ ಇದೆ. ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರಾಗಿ ಹೆಸರು ನೋಂದಾಯಿಸಿಕೊಳ್ಳಿ. ಅರ್ಜಿ ಶುಲ್ಕವನ್ನು 2020ರಲ್ಲಿ 500 ರೂಪಾಯಿಯಿಂದ 10 ರೂಪಾಯಿಗೆ ಇಳಿಸಿದ್ದಾರೆ. ಬೆಳೆ ಸಮೀಕ್ಷೆಗೆ ಬಂದವರು ಬರೀ ಈರುಳ್ಳಿ ಎಂದು ಬರೆದುಕೊಳ್ಳಲು ಬಿಡಬೇಡಿ, ರೋಸ್ ಎಂದು ದಾಖಲಿಸುವಂತೆ ಒತ್ತಾಯಿಸಿ. ಎಷ್ಟು ಎಕರೆಯಲ್ಲಿದೆ, ಎಷ್ಟು ಮನೆಗಳು ನಂಬಿಕೊಂಡಿವೆ ಎಂಬ ಲೆಕ್ಕ ಕೈಯಲ್ಲಿದ್ದರೆ ಮುಂದಿನ ಸಲ ದೆಹಲಿಗೆ ಮನವಿ ಒಯ್ಯುವವರು ಬರಿಗೈಯಲ್ಲಿ ಹೋಗಬೇಕಾಗಿಲ್ಲ. ಅರ್ಜಿ ತುಂಬಲು ತೊಡಕಾದವರು ಇಲ್ಲೇ ಸಂದೇಶ ಕಳುಹಿಸಿ, ಭಾನುವಾರ ಗೋದಾಮಿನಲ್ಲಿ ಇರುತ್ತೇನೆ, ಪಹಣಿ ಮತ್ತು ಆಧಾರ್ ತಂದರೆ ಕುಳಿತು ತುಂಬಿಕೊಡುತ್ತೇನೆ.