ಮೊಳೆ ಎಲ್ಲಿ ಹೊಡೆಯುವುದು?

ಗ್ಯಾಲರಿಯ ಗೋಡೆಯಲ್ಲಿ ಒಂದು ಚಿತ್ರ ಅರ್ಧ ಇಂಚು ಓರೆಯಾಗಿ ನೇತಾಡುತ್ತಿದ್ದರೆ ಅದರ ಮುಂದೆ ನಿಂತು ರಸಾನುಭವದ ಮಾತಾಡುವುದು ಕಷ್ಟ. ಒಳಗೆ ಕಡಲಿರಲಿ, ಬೆಟ್ಟವಿರಲಿ, ಬರೀ ಕೆಂಪು ಬಳಿದ ಚೌಕವಿರಲಿ, ಕಣ್ಣು ಹೋಗಿ ನಿಲ್ಲುವುದು ಬಲಕ್ಕೆ ಜಗ್ಗಿದ ಆ ಕೆಳಅಂಚಿನ ಮೇಲೆಯೇ. ಕೈ ತುರಿಸುತ್ತದೆ, ಮುಟ್ಟುವಂತಿಲ್ಲ. ಮುಟ್ಟಿ ಸರಿಮಾಡಿಯೇ ಬಿಡುವ ಮಹನೀಯರೂ ಇದ್ದಾರೆ. ಅವರು ಸರಿಮಾಡಿ ಹೋದ ಮೇಲೆ ಚಿತ್ರ ಎಡಕ್ಕೆ ಓರೆಯಾಗಿರುತ್ತದೆ, ಚೌಕಟ್ಟಿನ ಮೇಲೆ ಹೆಬ್ಬೆರಳಿನ ಜಿಡ್ಡು ಉಳಿದಿರುತ್ತದೆ.

ಚಿತ್ರ ಬರೆದು ನಾಲ್ಕು ಜನರ ಮುಂದಿಡುವಾಗ ಕಲಾವಿದರ ಮನಸ್ಸಿನಲ್ಲಿ ಏನೇನಾಗುತ್ತದೆ ಎಂಬುದು ಇಲ್ಲಿ ಹೇಳಬೇಕಾದ ವಿಷಯ. ಹೇಳೋಣ. ಅದಕ್ಕೆ ಮೊದಲು ಈ ಓರೆಯ ವಿಚಾರ ಮುಗಿಸಿಬಿಡಬೇಕು, ಇಲ್ಲದಿದ್ದರೆ ಮನಸ್ಸು ಬೇರೆ ಕಡೆ ಹೋಗುವುದಿಲ್ಲ.

ಮುಖ್ಯ ಕಾರಣ ಒಂಟಿ ಕೊಕ್ಕೆ. ಹಿಂಬದಿಯ ತಂತಿಯನ್ನು ನಡುವೆ ಒಂದೇ ಕೊಕ್ಕೆಗೆ ಸಿಕ್ಕಿಸಿದ ಚಿತ್ರ ತಕ್ಕಡಿಯ ದಂಡಿಗೆ ಇದ್ದ ಹಾಗೆ. ಬಾಗಿಲು ದಡಾರನೆ ಬಡಿದರೆ ಸಾಕು, ತಂತಿ ಚೂರು ಜಾರುತ್ತದೆ, ಒಂದು ಬದಿ ಇಳಿಯುತ್ತದೆ. ಚೌಕಟ್ಟಿನ ಅಗಲದ ಮೂರನೇ ಒಂದು ಭಾಗದಷ್ಟು ಅಂತರ ಬಿಟ್ಟು ಎರಡು ಕೊಕ್ಕೆ ಹಾಕಿ, ಕೆಳಗಿನ ಎರಡೂ ಮೂಲೆಗಳ ಹಿಂದೆ ಪುಟ್ಟ ರಬ್ಬರ್ ಬಿಲ್ಲೆ ಅಂಟಿಸಿದರೆ ಆ ಕಾಟ ಬಹುಪಾಲು ತಪ್ಪುತ್ತದೆ. ತಂತಿ ಕಟ್ಟುವ ಡಿ-ರಿಂಗುಗಳು ಚೌಕಟ್ಟಿನ ಮೇಲಂಚಿನಿಂದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಕೆಳಗಿರಬೇಕು. ಅರ್ಧದವರೆಗೆ ಇಳಿಸಿದರೆ ಚಿತ್ರದ ತಲೆ ಗೋಡೆ ಬಿಟ್ಟು ಮುಂದಕ್ಕೆ ಬಾಗುತ್ತದೆ.

ತಂತಿಯನ್ನು ವೀಣೆಯ ತಂತಿಯ ಹಾಗೆ ಬಿಗಿಯುವವರಿಗೆ ಒಂದು ಲೆಕ್ಕ. 10 ಕಿಲೋ ತೂಕದ ಚಿತ್ರ, ಒಂದೇ ಕೊಕ್ಕೆ. ತಂತಿಯ ಎರಡೂ ಬದಿ 30 ಡಿಗ್ರಿ ಇಳಿಜಾರಿನಲ್ಲಿದ್ದರೆ ಪ್ರತಿ ಬದಿಯ ಮೇಲೆ ಬೀಳುವ ಎಳೆತ 10 ಕಿಲೋ. ಅಚ್ಚುಕಟ್ಟಾಗಿರಲಿ ಎಂದು ಬಿಗಿದು ಇಳಿಜಾರನ್ನು 10 ಡಿಗ್ರಿಗೆ ತಂದರೆ ಅದೇ ಎಳೆತ ಸುಮಾರು 29 ಕಿಲೋ ಆಗುತ್ತದೆ. ರಾತ್ರಿ ಎರಡು ಗಂಟೆಗೆ ಬೀಗ ಹಾಕಿದ ಗ್ಯಾಲರಿಯೊಳಗೆ ಧಡ್ ಎಂದು ಬೀಳುವ ಚಿತ್ರಗಳಲ್ಲಿ ಎಷ್ಟೋ ಈ ಅಚ್ಚುಕಟ್ಟಿನವೇ.

ಇನ್ನು ಎತ್ತರ. ನೆಲದಿಂದ ಚಿತ್ರದ ನಡುಮಧ್ಯಕ್ಕೆ 57ರಿಂದ 60 ಇಂಚು, ಅಂದರೆ 145ರಿಂದ 152 ಸೆಂಟಿಮೀಟರ್ ಎಂಬುದು ರೂಢಿ. ಕೊಕ್ಕೆ ಎಲ್ಲಿ ಬರಬೇಕೆಂದು ತಿಳಿಯಲು 57ಕ್ಕೆ ಚಿತ್ರದ ಎತ್ತರದ ಅರ್ಧ ಕೂಡಿಸಿ. ತಂತಿಯನ್ನು, ಕೊಕ್ಕೆ ಎರಡಿದ್ದರೆ ಎರಡು ಬೆರಳಿನಿಂದ, ಮೇಲಕ್ಕೆಳೆದು ಹಿಡಿದಾಗ ಅದು ಮೇಲಂಚಿನಿಂದ ಎಷ್ಟು ಕೆಳಗಿರುತ್ತದೋ ಅಷ್ಟು ಕಳೆಯಿರಿ. 30 ಇಂಚಿನ ಚಿತ್ರ, ತಂತಿ 4 ಇಂಚು ಕೆಳಗೆ ಎಂದಿಟ್ಟುಕೊಳ್ಳಿ: 57ಕ್ಕೆ 15 ಕೂಡಿಸಿದರೆ 72, 4 ಕಳೆದರೆ 68. ಈ 68 ಇಂಚಿಗೆ ಬರಬೇಕಾದದ್ದು ಕೊಕ್ಕೆಯ ತಂತಿ ಕೂರುವ ತಳ, ಮೊಳೆಯ ತೂತಲ್ಲ. ತೂತು ಅದಕ್ಕಿಂತ ಮೇಲಿರುತ್ತದೆ. ಪೆನ್ಸಿಲ್ ಗುರುತಿಗೆ ಸರಿಯಾಗಿ ಮೊಳೆ ಹೊಡೆದು, ಆಮೇಲೆ ಚಿತ್ರ ಕೆಳಗಾಯಿತೆಂದು ಎರಡನೇ ತೂತು ಕೊರೆದು, ಮೊದಲನೆಯದನ್ನು ಚಿತ್ರದ ಹಿಂದೆ ಅಡಗಿಸುವುದು ಸರ್ವೇಸಾಮಾನ್ಯ.

ರಸಮಟ್ಟವನ್ನೂ ಪೂರ್ತಿ ನಂಬುವಂತಿಲ್ಲ. ಹಳೆಯ ಕಟ್ಟಡದ ನೆಲ, ಸೂರು ಎರಡೂ ವಾಲಿದ್ದರೆ ರಸಮಟ್ಟದ ಗುಳ್ಳೆ ನಡುವೆ ನಿಂತ ಚಿತ್ರವೇ ಸೊಟ್ಟಗೆ ಕಾಣುತ್ತದೆ. ಆಗ ಉಪಕರಣ ಜೇಬಿಗೆ ಹಾಕಿ, ಹತ್ತು ಹೆಜ್ಜೆ ಹಿಂದೆ ಸರಿದು, ಕಣ್ಣಿಗೆ ಸರಿ ಅನಿಸಿದ್ದೇ ಸರಿ.

ಇಂಚಿಗೆ ಇಷ್ಟು ರಗಳೆಯೇ ಎನ್ನುವವರು ಹದಿನೆಂಟನೇ ಶತಮಾನದ ಇಂಗ್ಲಿಷ್ ಚಿತ್ರಕಾರ ಗೇನ್ಸ್‌ಬರೋನನ್ನು ನೆನೆಯಬೇಕು. ಲಂಡನ್ನಿನ ಕಲಾಸಂಸ್ಥೆ ರಾಯಲ್ ಅಕಾಡೆಮಿಯ ದೊಡ್ಡ ಸಭಾಂಗಣದಲ್ಲಿ ಆಗ ನೆಲದಿಂದ ಸುಮಾರು 8 ಅಡಿ ಎತ್ತರಕ್ಕೆ ಗೋಡೆಯ ಸುತ್ತ ಒಂದು ಪಟ್ಟಿ. ಆಳೆತ್ತರದ ಭಾವಚಿತ್ರಗಳು ಆ ಗೆರೆಯ ಮೇಲೇ ಹೋಗಬೇಕು. 1784ರಲ್ಲಿ ಆತ ಮೂವರು ರಾಜಕುಮಾರಿಯರ ಚಿತ್ರ ಕಳಿಸಿದ, ಜೊತೆಗೆ ಇದನ್ನು ಐದೂವರೆ ಅಡಿಗಿಂತ ಮೇಲೆ ತೂಗುಹಾಕಲು ಒಪ್ಪಲಾರೆ ಎಂಬ ಕಾಗದ. ಅಕಾಡೆಮಿ ಜಗ್ಗಲಿಲ್ಲ. ಆತ ತನ್ನ ಅಷ್ಟೂ ಚಿತ್ರಗಳನ್ನು ವಾಪಸ್ ತರಿಸಿಕೊಂಡ, ತನ್ನ ಮನೆಯಲ್ಲೇ ಪ್ರದರ್ಶನ ಇಟ್ಟುಕೊಂಡ, 1788ರಲ್ಲಿ ಸಾಯುವವರೆಗೆ ಅಕಾಡೆಮಿಯಲ್ಲಿ ಮತ್ತೆ ಒಂದು ಚಿತ್ರವನ್ನೂ ತೋರಿಸಲಿಲ್ಲ. ಸೂಕ್ಷ್ಮವಾಗಿ ಬಳಿದ ಕುಂಚದ ಗುರುತುಗಳು ಎರಡಾಳೆತ್ತರದಲ್ಲಿ ಯಾರಿಗೆ ಕಾಣಬೇಕು? ಅವನದೇ ಸರಿ.

ಅಕಾಡೆಮಿಯ ಮಾತು ಬಂದ ಮೇಲೆ 1832ರ ಪ್ರದರ್ಶನವನ್ನು ಬಿಟ್ಟು ಮುಂದೆ ಹೋಗುವುದು ಹೇಗೆ? ಅಲ್ಲಿ ಉದ್ಘಾಟನೆಗೆ ಮುಂಚಿನ ಕೆಲವು ದಿನ ಸದಸ್ಯರು ಬಂದು, ಗೋಡೆಗೇರಿದ ತಮ್ಮ ಚಿತ್ರಗಳಿಗೆ ಕೊನೆಯ ಕೈ ಆಡಿಸಬಹುದಿತ್ತು. ವಾರ್ನಿಷ್ ದಿನಗಳು ಎಂದು ಅದಕ್ಕೆ ಹೆಸರು. ಆ ವರ್ಷ ಇಂಗ್ಲಿಷ್ ಚಿತ್ರಕಾರ ಜಾನ್ ಕಾನ್‌ಸ್ಟೇಬಲ್‌ನ ವಾಟರ್ಲೂ ಸೇತುವೆಯ ಉದ್ಘಾಟನೆಯ ಚಿತ್ರ, ಅದಕ್ಕೆ ತಗುಲಿದಂತೆ ಇನ್ನೊಬ್ಬ ಚಿತ್ರಕಾರ ಟರ್ನರ್‌ನ ಒಂದು ಕಡಲ ಚಿತ್ರ. ಸೇತುವೆ ತೆರೆದದ್ದು 1817ರಲ್ಲಿ. ಕಾನ್‌ಸ್ಟೇಬಲ್ ಹತ್ತು ವರ್ಷಕ್ಕೂ ಮಿಕ್ಕಿ ಅದನ್ನೇ ತಿದ್ದುತ್ತ ಬಂದಿದ್ದ. ಗೋಡೆಗೇರಿದ ಮೇಲೂ ದೋಣಿಗಳ ಬಾವುಟಗಳಿಗೆ ಇನ್ನಷ್ಟು ಕೆಂಪು ತುಂಬುತ್ತ ನಿಂತಿದ್ದಾನೆ. ಟರ್ನರ್‌ನದು ಬೂದುಬಣ್ಣದ ಕಡಲು, ಎದ್ದು ಕಾಣುವ ಬಣ್ಣವೇ ಇಲ್ಲ. ಟರ್ನರ್ ಬಂದ, ಅವನ ಹಿಂದೆ ನಿಂತ, ಆ ಚಿತ್ರ ನೋಡಿದ, ತನ್ನದು ನೋಡಿದ, ದೊಡ್ಡ ಸಭಾಂಗಣಕ್ಕೆ ಹೋಗಿ ಬಣ್ಣದ ಹಲಗೆ ತಂದ. ಬೂದು ಕಡಲಿನ ಮೇಲೆ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಕೆಂಪು ಚುಕ್ಕೆಯೊಂದನ್ನು ಮೆತ್ತಿ, ತುಟಿಪಿಟಕ್ಕೆನ್ನದೆ ಹೊರಟುಹೋದ. ಪಕ್ಕದ ಚಿತ್ರದ ಕೆಂಪೆಲ್ಲ ಒಮ್ಮೆಲೇ ಸಪ್ಪಗಾಯಿತು. 'ಬಂದು ಗುಂಡು ಹಾರಿಸಿ ಹೋದ' ಎಂದನಂತೆ ಕಾನ್‌ಸ್ಟೇಬಲ್. ಟರ್ನರ್ ಒಂದೂವರೆ ದಿನ ಅತ್ತ ಸುಳಿಯಲಿಲ್ಲ. ಅವಧಿ ಮುಗಿಯುವ ಹೊತ್ತಿಗೆ ಬಂದು ಆ ಚುಕ್ಕೆಯನ್ನು ತಿದ್ದಿ ಹಡಗುಗಳಿಗೆ ಗುರುತಾಗಿ ನೀರಿನಲ್ಲಿ ತೇಲಿಬಿಡುವ ತೇಲುಗುಂಡನ್ನಾಗಿ ಮಾಡಿದ.

ಇದು ಸಭ್ಯರ ಕೆಲಸವಲ್ಲ. ಆದರೆ ಒಂದೂವರೆ ದಿನ ಚುಕ್ಕೆಯನ್ನು ಬರೀ ಚುಕ್ಕೆಯಾಗಿ ಬಿಟ್ಟು ಹೋಗಿದ್ದನಲ್ಲ, ಅದು ಮಾತ್ರ ಅಪ್ಪಟ ಕಿಡಿಗೇಡಿತನ, ಮೆಚ್ಚದೆ ವಿಧಿಯಿಲ್ಲ. ಕಸುಬಿನವರು ಇದರಿಂದ ಕಲಿಯಬೇಕಾದದ್ದು ಇಷ್ಟೇ: ಮೊಳೆ ಹೊಡೆಯುವ ಮುನ್ನ ಎಲ್ಲ ಚಿತ್ರಗಳನ್ನೂ ಗೋಡೆಗೆ ಒರಗಿಸಿ ನೆಲದ ಮೇಲೆ ಸಾಲಾಗಿ ಇಡಬೇಕು, ಅದಲುಬದಲು ಮಾಡುತ್ತ ಅರ್ಧ ದಿನವಾದರೂ ನೋಡಬೇಕು. ಯಾವ ಕೆಂಪು ಯಾರನ್ನು ನುಂಗುತ್ತದೆ ಎಂಬುದು ಪಕ್ಕಪಕ್ಕ ಇಡದೆ ತಿಳಿಯುವುದಿಲ್ಲ.

ಮನಸ್ಸಿನ ವಿಷಯಕ್ಕೆ ಬರೋಣ. ಚಿತ್ರ ಬರೆಯುವಾಗ ಕಲಾವಿದರು ಅದರಿಂದ ಒಂದು ತೋಳಿನ ದೂರದಲ್ಲಿರುತ್ತಾರೆ. ತಿಂಗಳುಗಟ್ಟಲೆ ಅದೇ ಕಿಟಕಿ, ಅದೇ ಬೆಳಕು. ಗ್ಯಾಲರಿಯಲ್ಲಿ ಮೊದಲ ಬಾರಿಗೆ ಇಪ್ಪತ್ತು ಅಡಿ ದೂರದಿಂದ, ಖಾಲಿ ಬಿಳಿ ಗೋಡೆಯ ನಡುವೆ ನೋಡಿದಾಗ ಚಿತ್ರ ಕುಗ್ಗಿಹೋದಂತೆ ಕಾಣುತ್ತದೆ. ಕೋಣೆಯನ್ನೇ ತುಂಬಿದ್ದ ನಾಲ್ಕಡಿಯ ಕ್ಯಾನ್ವಾಸ್ ಇಲ್ಲಿ ಅಂಚೆಚೀಟಿ. ತಪ್ಪುಗಳೆಲ್ಲ ಆಗಲೇ ಕಣ್ಣಿಗೆ ಬೀಳುವುದು: ಎಡಮೂಲೆ ಖಾಲಿ, ಆ ನೀಲಿ ಅತಿಯಾಯಿತು. ಉದ್ಘಾಟನೆಯ ದಿನವೂ ಚೀಲದಲ್ಲಿ ಸಣ್ಣ ಕುಂಚ ಇಟ್ಟುಕೊಂಡು ಬರುವವರಿದ್ದಾರೆ. ದೀಪ ಸರಿಯಿಲ್ಲದಿದ್ದರೆ ಸಂಕಟ ಇಮ್ಮಡಿ. ಬೆಳಕು ಲಂಬಕ್ಕೆ 30 ಡಿಗ್ರಿಯಲ್ಲಿ ಬೀಳಬೇಕು. ಕೋನ ಅದಕ್ಕಿಂತ ಕಡಿಮೆಯಾದರೆ ಚೌಕಟ್ಟಿನ ನೆರಳು ಚಿತ್ರದ ತಲೆಗೆ ಬೀಳುತ್ತದೆ. ಹೆಚ್ಚಾದರೆ ನೋಡುವವರ ನೆರಳೇ ಚಿತ್ರದ ಮೇಲೆ, ಗಾಜು ಹಾಕಿದ್ದರೆ ದೀಪವೇ ಗಾಜಿನೊಳಗೆ. ಜಲವರ್ಣಕ್ಕೆ 50 ಲಕ್ಸ್ (ಬೀಳುವ ಬೆಳಕಿನ ಅಳತೆ) ಸಾಕು, ತೈಲವರ್ಣ 200ರವರೆಗೆ ತಾಳುತ್ತದೆ. ಜಲವರ್ಣಕ್ಕೂ ಭರ್ಜರಿ ದೀಪ ಬಿಟ್ಟರೆ ಬಣ್ಣ ಮಾಸುತ್ತ ಹೋಗುತ್ತದೆ, ಮಾಸಿದ್ದು ಮತ್ತೆ ಬರುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಜನ ಬರುತ್ತಾರೆ. ಬಂದವರು ಮೊದಲು ಚಿತ್ರದ ಪಕ್ಕದ ಹೆಸರಿನ ಚೀಟಿ ಓದುತ್ತಾರೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಗಡಿಯಾರ ಹಿಡಿದು ಲೆಕ್ಕಹಾಕಿದ, 2001ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅರ್ಧದಷ್ಟು ನೋಟಗಳು ಮುಗಿದದ್ದು 17 ಸೆಕೆಂಡಿನ ಒಳಗೆ, ಅದೂ ಚೀಟಿ ಓದಿದ ಹೊತ್ತೂ ಸೇರಿ. ಜಗದ್ವಿಖ್ಯಾತರ ಚಿತ್ರಗಳಿಗೇ ಈ ಗತಿ. ಮೂಲೆಯಲ್ಲಿ ಕೈಕಟ್ಟಿ ನಿಂತ ಕಲಾವಿದರು ಗೋಡೆ ನೋಡುವುದಿಲ್ಲ, ನೋಡುವವರ ಬೆನ್ನು ನೋಡುತ್ತಾರೆ: ಯಾರ ಕಾಲು ನಿಂತಿತು, ಯಾರು ದಾಟಿಹೋದವರು ತಿರುಗಿ ಬಂದರು. ಆಗ ಒಳಗೆ ಆಗುವುದು ಏನೆಂದರೆ... ಅಷ್ಟರಲ್ಲಿ 'ಚೌಕಟ್ಟು ಎಲ್ಲಿ ಹಾಕಿಸಿದಿರಿ, ತುಂಬ ಚೆನ್ನಾಗಿದೆ' ಎಂದು ಯಾರೋ ಕೇಳುತ್ತಾರೆ. ಭಾಷಣದವರು ಬೇರೆ, ಮಾತಿನ ಭರದಲ್ಲಿ ಹಿಂದೆ ಹಿಂದೆ ಸರಿದು ಚಿತ್ರಕ್ಕೇ ಬೆನ್ನು ಕೊಟ್ಟು ಒರಗುತ್ತಾರೆ. ಹಿಂದಿನ ವಾರ ಮುಗಿಸಿದ ತೈಲಚಿತ್ರವಾದರೆ ಅದರ ದಪ್ಪ ಬಿಳಿ ಒಣಗಿರುವುದೇ ಇಲ್ಲ. ಹಾಕಿಕೊಂಡ ಕೋಟಿನ ಪಾಡು ಕೋಟಿನವರಿಗೆ.

ಕೊನೆಯ ದಿನ, ಮಾರಾಟವಾಯಿತು ಎಂಬ ಕೆಂಪು ಬೊಟ್ಟು ಬೀಳದ ಚಿತ್ರಗಳನ್ನು ಇಳಿಸಿ ಕಟ್ಟಬೇಕು. ಎಲ್ಲರಿಗೂ ಮನೆ ಸೇರುವ ಆತುರ. ಅಕ್ರಿಲಿಕ್ ಚಿತ್ರಕ್ಕೆ ಬಬಲ್ ರ್‍ಯಾಪನ್ನು ನೇರವಾಗಿ ಸುತ್ತಬಾರದು. ಸೆಕೆಗೆ ಬಣ್ಣ ಮೆದುವಾಗಿ, ಗುಳ್ಳೆಗಳ ದುಂಡು ಗುರುತು ಚಿತ್ರದ ತುಂಬ ಮೂಡುತ್ತದೆ. ಆಮೇಲೆ ಏನು ಮಾಡಿದರೂ ಹೋಗುವುದು ಅಪರೂಪ. ಮೊದಲು ನುಣುಪಾದ ಗ್ಲಾಸೀನ್ ಹಾಳೆ, ಅದರ ಮೇಲೆ ಬಬಲ್ ರ್‍ಯಾಪ್, ಗುಳ್ಳೆ ಹೊರಗಡೆಗೆ. ಮೂಲೆಗಳಿಗೆ ಮಡಿಸಿದ ರಟ್ಟು. ಟೇಪು ಚೌಕಟ್ಟಿಗೆ ತಾಗಕೂಡದು. ಇದನ್ನು ದೊಡ್ಡಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದರೂ ಸರಿ, ಗುಳ್ಳೆ ಒಳಗಡೆ ಮಾಡಿಯೇ ಸುತ್ತುತ್ತಾರೆ.